ವಿಮಾನವೋ, ಒಣದ್ರಾಕ್ಷಿಯೋ?

ಕಾಮರ್ಸ್ ಪಾಠ ಹೇಳುವವನಿಗೆ ದುಡ್ಡಿನ ವ್ಯವಹಾರವೂ ತಿಳಿದಿರುತ್ತದೆ ಎಂದು ಮೊಟ್ಟಮೊದಲು ನಂಬಿದವರು ಯಾರೋ ನನಗೆ ಗೊತ್ತಿಲ್ಲ. ಸಿಕ್ಕಿದ್ದರೆ ಅವರ ಕೈ ಹಿಡಿದು, ದಯವಿಟ್ಟು ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಿ, ನನಗೆ ಸಾಕಾಗಿದೆ ಎಂದು ಬೇಡಿಕೊಳ್ಳುತ್ತಿದ್ದೆ. ನಮ್ಮ ಚಿಕ್ಕೋಡಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುವವರ ಮನೆಗೆ ಹೋಗಿ ಯಾರೂ ಯುದ್ಧ ಮಾಡುವುದು ಹೇಗೆ ಎಂದು ಕೇಳುವುದಿಲ್ಲ. ನನ್ನ ಮನೆಗೆ ಮಾತ್ರ ಭಾನುವಾರ ಬೆಳಿಗ್ಗೆ ಚಹಾದ ಕಪ್ಪು ಕೈಗೆ ಬರುವುದರೊಳಗೆ ಬಾಗಿಲಲ್ಲಿ ಯಾರೋ ಚಪ್ಪಲಿ ಬಿಟ್ಟ ಸದ್ದು. ಮಗಳ ಮದುವೆಯ ಬಂಗಾರ ಈಗ ಕೊಳ್ಳಬೇಕೋ, ದೀಪಾವಳಿ ಕಳೆದ ಮೇಲೋ? ಅಣ್ಣತಮ್ಮಂದಿರ ಪಾಲಿನಲ್ಲಿ ಬಂದ ಹಳೆಯ ಟ್ರ್ಯಾಕ್ಟರು ಲಾಭವೋ ನಷ್ಟವೋ? ಕೋರ್ಟಿಗೆ ಬಂದ ಹಳ್ಳಿಯ ಕಕ್ಷಿದಾರರು ಸಹ ತಮ್ಮ ಕೇಸು ಮುಂದಕ್ಕೆ ಹೋದರೆ, ಬಸ್ಸು ಬರುವ ತನಕ ಹೊತ್ತು ಕಳೆಯಲು ನನ್ನ ಕಟ್ಟೆಗೆ ಬಂದು ಕೂಡುತ್ತಿದ್ದರು. "ಸರ್, ನೀವು ಕಾಮರ್ಸ್ ಅಲ್ರಿ?" ಎನ್ನುವುದು ಅವರ ಪೀಠಿಕೆ. ಹೌದು ಎಂದು ತಲೆಯಾಡಿಸುವುದು ನನ್ನ ಹಣೆಬರಹ.

ನಿಜ ಹೇಳಬೇಕೆಂದರೆ, ಷೇರು ಎಂಬುದನ್ನು ನಾನು ಕಪ್ಪು ಹಲಗೆಯ ಮೇಲೆ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ. ಹಲಗೆಯ ಎಡಕ್ಕೆ 'ಅಪಾಯ', ಬಲಕ್ಕೆ 'ಪ್ರತಿಫಲ' ಎಂದು ಬರೆದು ನಡುವೆ ಗೆರೆ ಎಳೆಯುತ್ತಿದ್ದೆ. ಎರಡೂ ಜೊತೆಯಲ್ಲೇ ಏರುತ್ತವೆ, ಜೊತೆಯಲ್ಲೇ ಇಳಿಯುತ್ತವೆ ಎಂದು ಹೇಳುತ್ತಿದ್ದೆ. ಹುಡುಗರು ಬರೆದುಕೊಳ್ಳುತ್ತಿದ್ದರು. ನನ್ನ ಪಗಾರದಲ್ಲಿ ಉಳಿದದ್ದೆಲ್ಲ ಊರಿನ ಒಂದು ಪತಸಂಸ್ಥೆಯಲ್ಲಿ, ಅಂದರೆ ಸಹಕಾರಿ ಸಾಲ ಸಂಘದಲ್ಲಿ, ಠೇವಣಿಯಾಗಿ ಕೂತಿತ್ತು. ಅದರ ಅಧ್ಯಕ್ಷರು ನನ್ನನ್ನು ಕಂಡಾಗಲೆಲ್ಲ ನಮಸ್ಕಾರ ಮಾಡುತ್ತಿದ್ದರು. ಅದಕ್ಕಿಂತ ಹೆಚ್ಚಿನ ಭದ್ರತೆ ಬೇಕು ಎಂದು ನನಗೆ ಅನ್ನಿಸಿರಲಿಲ್ಲ.

ಇಂಥ ನನ್ನ ಬಳಿಗೆ ತೊಂಬತ್ತರ ದಶಕದ ನಡುವಿನ ಒಂದು ಭಾನುವಾರ, ಬೇಡಕಿಹಾಳದಿಂದ ನನ್ನ ಹೆಂಡತಿಯ ತಮ್ಮ ಬಾಳಾಸಾಹೇಬ ಬಂದ. ಆ ವರ್ಷ ಅವನಿಗೆ ಕಬ್ಬಿನ ಬಿಲ್ಲು ಹಿಂದಿನ ಬಾಕಿಯ ಸಮೇತ ಒಮ್ಮೆಲೇ ಕೈಸೇರಿತ್ತು. ಆಗ ಷೇರಿನ ಹುಚ್ಚು ಮುಂಬಯಿಯಿಂದ ಹೊರಟು ಕೊಲ್ಲಾಪುರ ದಾಟಿ, ನಿಪ್ಪಾಣಿಯ ಬಸ್‌ಸ್ಟ್ಯಾಂಡಿನವರೆಗೂ ಬಂದಿತ್ತು. ಶೇಂಗಾ ಮಾರುವವರ ಪಕ್ಕದಲ್ಲೇ ಒಬ್ಬ ಹೊಸ ಕಂಪನಿಗಳ ಅರ್ಜಿಗಳನ್ನು ಹರವಿಕೊಂಡು ಕೂತಿರುತ್ತಿದ್ದ. ಬಾಳಾಸಾಹೇಬ ಶೇಂಗಾ ಕೊಳ್ಳಲು ಹೋಗಿ ಎರಡು ಅರ್ಜಿ ತಂದಿದ್ದ.

ಅವನು ಎರಡನ್ನೂ ಮಂಚದ ಮೇಲೆ ಹಾಸಿದ. ಒಂದರ ಮೇಲೆ ಮೋಡದ ಮೇಲೆ ಹಾರುವ ವಿಮಾನ; ಆಗ ಹೊಸದಾಗಿ ಶುರುವಾಗಿದ್ದ ಖಾಸಗಿ ವಿಮಾನ ಕಂಪನಿಗಳಲ್ಲಿ ಅದೂ ಒಂದು. ಇನ್ನೊಂದರ ಮೇಲೆ ದ್ರಾಕ್ಷಿಯ ಗೊಂಚಲು, ಅದರ ಹಿಂದೆ ಹೊಗೆಯುಗುಳುವ ಚಿಮಣಿ. ಅದು ಅಥಣಿಯ ಕಡೆ ಒಣದ್ರಾಕ್ಷಿಯ ಕಾರ್ಖಾನೆ ಕಟ್ಟಲು ಹೊರಟಿದ್ದ ಒಂದು ಸಣ್ಣ ಕಂಪನಿ.

"ಮಾವಾರ, ಯಾವುದಕ್ಕ ಹಾಕೂಣು, ನೀವು ಹೇಳ್ರಿ. ನೀವು ಅಂದಿದ್ದ ಪಕ್ಕಾ," ಎಂದ.

"ಅಪಾಯ ಎರಡರಾಗೂ ಐತಿ, ಬಾಳು," ಎಂದೆ, ಹಲಗೆಯ ಮುಂದೆ ನಿಂತವನ ಹಾಗೆ.

"ಅದು ನನಗೂ ಗೊತ್ತೈತ್ರಿ. ಯಾವುದರಾಗ ಎಷ್ಟ ಐತಿ ಅದನ್ನ ಹೇಳ್ರಿ."

ಒಳಗಿನಿಂದ ನನ್ನ ಹೆಂಡತಿ ಕಮಲಾ, "ಹೋಗಿ ನೋಡ್ಕೊಂಡ ಬರ್ರಿ. ಎಮ್ಮಿ ಕೊಳ್ಳಾವ್ರೂ ಹಲ್ಲ ನೋಡತಾರ," ಎಂದಳು. ಹೀಗೆ ನನ್ನ ಭಾನುವಾರ ಹೋಯಿತು. ಅಂದು ಮಧ್ಯಾಹ್ನ ಮಲಗಬೇಕೆಂದಿದ್ದೆ. ಮಲಗಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ, ಓದುಗರಿಗೂ ಒಂದಿಷ್ಟು ವಿಶ್ರಾಂತಿ ಸಿಗುತ್ತಿತ್ತು.

ಬಾಳಾಸಾಹೇಬನ ಮೋಟಾರ್‌ಸೈಕಲ್ಲಿನ ಹಿಂದೆ ಕೂತು ಹೊರಟೆ. ಅವನು ಕಬ್ಬಿನ ಟ್ರಾಲಿಗಳ ನಡುವೆ ಗಾಡಿ ನುಗ್ಗಿಸುವ ರೀತಿ ನೋಡಿದರೆ, ಅಪಾಯದ ಬಗ್ಗೆ ನನ್ನನ್ನು ಯಾಕೆ ಕೇಳುತ್ತಾನೆ ಎಂದು ಆಶ್ಚರ್ಯವಾಗುತ್ತಿತ್ತು. ಕುಡಚಿಯಲ್ಲಿ ಸ್ಟೇಷನ್ನಿನ ಎದುರು ಚಹಾ ಕುಡಿದು, ಕೃಷ್ಣೆಯನ್ನು ದಾಟಿ, ಅಥಣಿಯ ದಾರಿ ಹಿಡಿದು, ಕೇಳುತ್ತ ಕೇಳುತ್ತ ಕಾರ್ಖಾನೆಯ ಜಾಗಕ್ಕೆ ಮುಟ್ಟುವ ಹೊತ್ತಿಗೆ ನನ್ನ ಸೊಂಟ ನನ್ನ ಮಾತು ಕೇಳುವುದನ್ನು ಬಿಟ್ಟಿತ್ತು.

ಅಲ್ಲಿ ದೊಡ್ಡದೊಂದು ಬೋರ್ಡು ಇತ್ತು. ಬೋರ್ಡಿನ ಹಿಂದೆ ತಂತಿ ಬೇಲಿ, ಬೇಲಿಯೊಳಗೆ ಮೊಣಕಾಲೆತ್ತರದ ಬುನಾದಿ, ಬುನಾದಿಯ ಮೇಲೆ ಆಡುಗಳು. ಬೇವಿನ ಮರದ ಕೆಳಗೆ ಖಾಕಿ ಬಟ್ಟೆ ತೊಟ್ಟ ಒಬ್ಬ ಮುದುಕ ಕೂತಿದ್ದ. ಹೆಸರು ಮಲ್ಲಪ್ಪ ಎಂದ. ಆ ಬಯಲಿನಲ್ಲಿ ಮೊದಲಿನಿಂದಲೂ ಆಡು ಮೇಯಿಸುತ್ತಿದ್ದವನಂತೆ. ಕಂಪನಿಯವರು ಜಾಗ ಕೊಂಡ ಮೇಲೆ, ಹೇಗೂ ಇಲ್ಲೇ ಇರುತ್ತಾನಲ್ಲ ಎಂದು ಅವನನ್ನೇ ಕಾವಲಿಗೆ ನೇಮಿಸಿದ್ದರು.

"ಮಷೀನು ಎಲ್ಲಿ?" ಎಂದು ಕೇಳಿದೆ.

"ಪರದೇಶದಿಂದ ಹಡಗನ್ಯಾಗ ಹೊಂಟೈತ್ರಿ, ಸಾಹೇಬ್ರ."

"ಯಾವಾಗ ಹೊಂಟಿದ್ದು?"

"ಅದು ನಾ ಕೆಲಸಕ್ಕ ಸೇರೂಕಿಂತ ಮೊದಲ ಹೊಂಟೈತ್ರಿ," ಎಂದ ಮಲ್ಲಪ್ಪ, ಹಡಗಿನ ಬಗ್ಗೆ ಗೌರವದಿಂದ.

ಬಾಳಾಸಾಹೇಬ ಅವನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತ. "ಪಗಾರ ಕೊಡ್ತಾರೇನು ಕಾಕಾ?"

"ತಿಂಗಳಾ ತಿಂಗಳಾ ಕೊಡ್ತಾರ. ಸುಳ್ಳ ಯಾಕ ಹೇಳ್ಲಿ?"

ಇಬ್ಬರೂ ತಂಬಾಕು ಹಂಚಿಕೊಂಡರು. ಆಡಿನ ರೋಗ, ಮಳೆ, ಮೇವು ಎಂದು ಮಾತು ಬೆಳೆಯಿತು. ನಾನು ಬುನಾದಿಯನ್ನು ಸುತ್ತಿ, ಒಂದು ಆಡಿನಿಂದ ಗುದ್ದಿಸಿಕೊಂಡು ಬಂದೆ. ತಿರುಗಿ ಬರುವಾಗ ಗಾಳಿಯ ನಡುವೆ ಬಾಳಾಸಾಹೇಬ ಕೂಗಿ ಹೇಳಿದ: "ಮಾವಾರ, ಕಾಯಾಕ ಏನೂ ಇಲ್ಲ, ಆದ್ರೂ ಕಾವಲುಗಾರಗ ಪಗಾರ ಕೊಡ್ತಾರ. ಅಂದ್ರ ರೊಕ್ಕ ಭಾಳ ಐತಿ ಅಂತಾತಲ್ರಿ!" ಕಾಯಲು ಏನೂ ಇಲ್ಲದ ಕಂಪನಿಯನ್ನು ಯಾರು ನಂಬುತ್ತಾರೆ ಎಂಬುದು ನನ್ನ ವಾದ. ಸಾಕ್ಷಿ ಒಂದೇ, ತೀರ್ಪು ಎರಡು. ಕಾಲೇಜಿನಲ್ಲಾದರೆ ನಾನು ಹೇಳಿದ್ದೇ ಸರಿ ಎನ್ನುತ್ತಿದ್ದೆ. ಓಡುವ ಮೋಟಾರ್‌ಸೈಕಲ್ಲಿನ ಹಿಂದೆ ಕೂತವನಿಗೆ ಆ ಸವಲತ್ತು ಇಲ್ಲ.

ವಿಮಾನ ಕಂಪನಿಯನ್ನು ಹೀಗೆ ಹೋಗಿ ನೋಡುವಂತಿರಲಿಲ್ಲ. ಅದಕ್ಕಾಗಿ ಮುಂದಿನ ವಾರ, ಅದೇ ಕಂಪನಿಯ ವಿಮಾನದಲ್ಲಿ ಮುಂಬಯಿಗೆ ಹೋಗಿಬಂದಿದ್ದ ನಿಪ್ಪಾಣಿಯ ಒಬ್ಬ ತಂಬಾಕು ವ್ಯಾಪಾರಿಯನ್ನು ಕಂಡೆವು. ಬಾಳಾಸಾಹೇಬನಿಗೆ ಪರಿಚಯದವರು, ಶಾಂತಿಲಾಲ ಶೇಠರು ಎಂದು. ಅವರು ಗಾದಿಯ ಮೇಲೆ ಒರಗಿಕೊಂಡು, ನಿನ್ನೆಯೇ ಇಳಿದುಬಂದವರ ಹಾಗೆ ವರ್ಣಿಸಿದರು.

"ಏನ್ ಹೇಳ್ಲಿ ಸರ್! ಹೋದ ಕೂಡ್ಲೇ ಸೆಂಟ್ ಹಚ್ಚಿದ ಹಸಿ ಅರಬಿ, ಮುಖಾ ಒರೆಸಿಕೊಳ್ಳಾಕ. ಆಮ್ಯಾಲೆ ಜ್ಯೂಸು. ಆಮ್ಯಾಲೆ ಊಟ. ಊಟಾ ಆದ ಮ್ಯಾಲೆ ಮತ್ತ ಸಿಹಿ. ನಾ ಒಂದು ಕೇಳಿದ್ರ ಆ ಹುಡುಗಿ ಎರಡ ತಂದ ಕೊಟ್ಟಳು. ಚಮಚಾನೂ ಒಂದು ನೆನಪಿಗೆ ಅಂತ ತಂದೀನಿ."

"ಮಂದಿ ಭಾಳ ಇದ್ರೇನ್ರಿ?" ಎಂದೆ.

"ಎಲ್ಲಿ ಮಂದಿ? ಅರ್ಧಾಕರ್ಧ ಖಾಲಿ. ಮೂರ ಖುರ್ಚಿಗೆ ನಾ ಒಬ್ಬಾವ್ನ. ಕಾಲ ಚಾಚಿ ಮಲಗಿಬಿಟ್ಟೆ. ಜಬರದಸ್ತ ಕಂಪನಿ! ಕಣ್ಣ ಮುಚ್ಚಿ ರೊಕ್ಕ ಹಾಕ್ರಿ."

"ನೀವು ಹಾಕಿರೇನ್ರಿ ಶೇಠರ?" ಎಂದ ಬಾಳಾಸಾಹೇಬ.

ಶೇಠರು ಚಹಾ ತರಲು ಒಳಗೆ ಕೂಗಿದರು. ಆ ಪ್ರಶ್ನೆ ಚಹಾದೊಂದಿಗೇ ಮುಗಿಯಿತು.

ಮನೆಗೆ ಬಂದು, ಬಾಳಾಸಾಹೇಬ ಶೇಠರ ವಿಮಾನದ ಕಥೆಯನ್ನೆಲ್ಲ ಅಕ್ಕನಿಗೆ ಹೇಳಿ ಮುಗಿಸಿದ ಮೇಲೆ, ನಾನು ಕನ್ನಡಕ ಒರೆಸಿ ತೀರ್ಪು ಕೊಟ್ಟೆ. ಒಂದು ಕಂಪನಿಯ ಬಳಿ ಯಂತ್ರವಿಲ್ಲ. ಇನ್ನೊಂದರ ಬಳಿ ಯಂತ್ರವಿದೆ, ಕೂಡುವವರಿಲ್ಲ. ಎರಡೂ ಬೇಡ. ನನ್ನ ಹಾಗೆ ಪತಸಂಸ್ಥೆಯಲ್ಲಿ ಠೇವಣಿ ಇಟ್ಟು, ಕಾಲಿನ ಮೇಲೆ ಕಾಲು ಹಾಕಿಕೊಂಡು ಕೂಡು.

ಬಾಳಾಸಾಹೇಬನ ಮುಖ ಸಣ್ಣದಾಯಿತು. "ಅದರಾಗ ಏನ್ ಮಜಾ ಐತ್ರಿ ಮಾವಾರ? ಅಲ್ಲಿ ಹೋಗಿ ಏನ್ ನೋಡೂದು?" ಎಂದ. ಅವನು ನಿಪ್ಪಾಣಿಯ ಬಸ್‌ಸ್ಟ್ಯಾಂಡಿನ ಕಡೆ ಹೋಗಿ ಬರುತ್ತೇನೆಂದು ಎದ್ದಾಗ ಕಮಲಾ ಅವನ ಬೆನ್ನ ಹಿಂದೆಯೇ ಬಾಗಿಲ ತನಕ ಹೋದಳು. ತಮ್ಮನಿಗೆ ಉಪ್ಪಿನಕಾಯಿ ಕಟ್ಟಿಕೊಡುತ್ತಿರಬೇಕು ಎಂದುಕೊಂಡೆ.

ಕೆಲವು ತಿಂಗಳ ಮೇಲೆ ಅಂಚೆಯವನು ಕಮಲಾಳ ಹೆಸರಿಗೆ ಒಂದು ದಪ್ಪ ಲಕೋಟೆ ತಂದ. ಒಳಗೆ ವಿಮಾನ ಕಂಪನಿಯ ಷೇರುಪತ್ರ. ಬಾಳಾಸಾಹೇಬ ಒಣದ್ರಾಕ್ಷಿಗೆ ಹಾಕಿದ್ದ. ಅಕ್ಕ ತನ್ನ ಉಳಿತಾಯವನ್ನು ತಮ್ಮನ ಕೈಯಲ್ಲಿ ಕೊಟ್ಟು ವಿಮಾನಕ್ಕೆ ಹಾಕಿಸಿದ್ದಳು. ನಾನು ಕೇಳುವ ಮೊದಲೇ ಅವಳು ಹೇಳಿದಳು: "ನನ್ನನ್ನ ವಿಮಾನದಾಗ ಕುಂಡ್ರಸೂದು ನಿಮ್ಮ ಕೈಲೆ ಆಗೂದುಲ್ಲ. ಅದರಾಗ ಒಂದ ಪಾಲಾದ್ರೂ ಇರ್ಲಿ ಅಂತ ಹಾಕೀನಿ."

ನಾನು ದಿನಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದೆ.

ಅಂದಿನಿಂದ ನಮ್ಮ ಮನೆಯ ಮೇಲೆ ಬಲು ಎತ್ತರದಲ್ಲಿ ಯಾವ ವಿಮಾನ ಹೋದರೂ, ಮಾಳಿಗೆಯ ಮೇಲೆ ಶಾವಿಗೆ ಒಣಹಾಕುತ್ತಿದ್ದ ಕಮಲಾ ಹಣೆಗೆ ಕೈಯಿಟ್ಟು ನೋಡಿ, "ನಮ್ದ ಏನ್ರಿ ಅದು?" ಎಂದು ಕೂಗುತ್ತಿದ್ದಳು. ಮೊದಮೊದಲು ತಿಳಿಹೇಳಲು ನೋಡಿದೆ. ಆಮೇಲೆ ದಣಿದು, "ಹೂಂ, ನಿಂದ" ಎನ್ನತೊಡಗಿದೆ. ಬಾಳಾಸಾಹೇಬನಂತೂ ವರ್ಷಕ್ಕೊಮ್ಮೆ ಬಿಳಿ ಧೋತರ ಉಟ್ಟು, ಪಟಕಾ ಸುತ್ತಿಕೊಂಡು ಕಂಪನಿಯ ಸಭೆಗೆ ಹೋಗುತ್ತಿದ್ದ. ಸಭೆಯಲ್ಲಿ ಎದ್ದು ನಿಂತು, ಹಡಗು ಎಲ್ಲಿಗೆ ಬಂತು ಎಂದು ಅರ್ಧ ಕನ್ನಡದಲ್ಲಿ ಅರ್ಧ ಮರಾಠಿಯಲ್ಲಿ ಕೇಳುತ್ತಿದ್ದ. ಅವರು ಉತ್ತರದ ಬದಲು ತಿನ್ನಲು ರವೆಯ ಶಿರಾ ಕೊಡುತ್ತಿದ್ದರು. ಮರಳುವಾಗ ಮಲ್ಲಪ್ಪನನ್ನು ಕಂಡು, ಅವನ ಪಾಲಿನ ಶಿರಾವನ್ನು ಕೈಗಿಟ್ಟು ಬರುತ್ತಿದ್ದ.

ಕಡೆಗೆ ಎರಡೂ ನಿಂತವು. ವಿಮಾನ ಕಂಪನಿ ಮೊದಲು ಒಂದೊಂದೇ ಊರಿಗೆ ಹೋಗುವುದನ್ನು ಬಿಟ್ಟು, ಕೊನೆಗೆ ಎಲ್ಲಿಗೂ ಹೋಗದಾಯಿತು. ಸುದ್ದಿ ಓದಿ ಹೇಳಿದಾಗ ಕಮಲಾ ಕೈಯಲ್ಲಿದ್ದ ಹಿಟ್ಟು ನಾದುವುದನ್ನು ನಿಲ್ಲಿಸಿ, "ಆ ಸೆಂಟಿನ ಅರಬಿ ಕೊಡೂ ಹುಡುಗೀರು ಈಗೇನ ಮಾಡ್ತಾರೋ ಪಾಪ," ಎಂದಳು. ತನ್ನ ಹಣದ ಮಾತೇ ಎತ್ತಲಿಲ್ಲ. ನನಗೋ, ನಾನು ಮೊದಲೇ ಹೇಳಿರಲಿಲ್ಲವೇ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಹಿಟ್ಟಿನ ಕೈ ನೋಡಿ ನುಂಗಿಕೊಂಡೆ. ಒಣದ್ರಾಕ್ಷಿಯವರು ಒಂದು ದಿನ ಬೋರ್ಡನ್ನೂ ಬಿಚ್ಚಿಕೊಂಡು ಹೋದರು. ಮಲ್ಲಪ್ಪನ ಪಗಾರ ನಿಂತಿತು, ತಂತಿ ಬೇಲಿಗೆ ಬೀಗವೂ ಬಿತ್ತು. ಬಾಳಾಸಾಹೇಬ ಟೆಂಪೋ ತೆಗೆದುಕೊಂಡು ಹೋಗಿ, ಮುದುಕನನ್ನೂ ಆಡುಗಳನ್ನೂ ಬೇಡಕಿಹಾಳದ ತನ್ನ ಹೊಲಕ್ಕೆ ಕರೆತಂದ. ಯಾಕಪ್ಪಾ ಎಂದರೆ, "ನಮ್ಮ ಕಂಪನಿ ಮನಷ್ಯಾ ಅಲ್ರಿ? ನಾವ ನೋಡಬೇಕು," ಎಂದ. ಷೇರುದಾರನ ಹೊಣೆಗಾರಿಕೆ ಅವನು ಹಾಕಿದ ಹಣಕ್ಕೆ ಮಾತ್ರ ಸೀಮಿತ ಎಂದು ಪ್ರತಿವರ್ಷ ನಾನು ಪಾಠ ಹೇಳುತ್ತೇನೆ.

ಅದೇ ವರ್ಷ ಬೇಸಿಗೆ ಕಳೆಯುವ ಮೊದಲೇ ನನ್ನ ಪತಸಂಸ್ಥೆಯ ಕದವೂ ಮುಚ್ಚಿತು. ನಮಸ್ಕಾರ ಮಾಡುತ್ತಿದ್ದ ಅಧ್ಯಕ್ಷರು ಯಾವ ಊರಿಗೆ ಹೋದರೋ ಯಾರಿಗೂ ತಿಳಿಯದು. ಬಿಸಿಲಿನಲ್ಲಿ ಸರದಿಯಲ್ಲಿ ನಿಂತಿದ್ದೆ. ಮುಂದೆ ನಿಂತಿದ್ದವನು ನನ್ನ ಹಳೆಯ ವಿದ್ಯಾರ್ಥಿ. ತಿರುಗಿ ನೋಡಿ, "ಸರ್, ನೀವೂ ಇಲ್ಲೇ ಇಟ್ಟಿದ್ರ್ಯಾ? ನಿಮ್ಮನ್ನ ನೋಡೇ ನಾನೂ ಇಟ್ಟಿದ್ನಲ್ರಿ," ಎಂದ. ಪಾಪ, ಸಿಟ್ಟಿರಲಿಲ್ಲ ಅವನ ದನಿಯಲ್ಲಿ. ನನಗೆ ನೀರಿನ ಬಾಟಲಿಯನ್ನೂ ಕೊಟ್ಟ.

ಸುದ್ದಿ ಕೇಳಿ ಬಾಳಾಸಾಹೇಬ ಓಡಿಬಂದ. ಈಗ ನನಗೆ ಬೈಗುಳ ಕಟ್ಟಿಟ್ಟದ್ದು ಎಂದು ಸಿದ್ಧನಾಗಿ ಕೂತೆ. ಅವನು ನನ್ನ ಪಕ್ಕದಲ್ಲಿ ಕೂತು, "ಮಾವಾರ, ಸಿಟ್ಟಾಗಬ್ಯಾಡ್ರಿ. ನೀವು ಹೇಳಿದಾಗ ನಾನೂ ಅಲ್ಲೇ ಇಟ್ಟಿದ್ರ, ಇವತ್ತ ನಿಮಗ ಒಬ್ಬ ಜೋಡಿ ಆದ್ರೂ ಇರತಿತ್ತು," ಎಂದ. ಕಮಲಾ ಮೂವರಿಗೂ ಚಹಾ ತಂದಳು. ಮನೆಯಲ್ಲಿ ಯಾರೂ ಯಾರನ್ನೂ ಅನ್ನಲಿಲ್ಲ. ಇದ್ದ ಮೂವರೂ ಕಳೆದುಕೊಂಡವರೇ ಆಗಿದ್ದರಿಂದ ಅನ್ನುವವರು ಉಳಿದಿರಲಿಲ್ಲ.

ಮುಂದಿನ ಪಗಾರವಾದ ದಿನ ನಾನು ಹೊಸ ಖಾತೆ ತೆರೆಯಲು ಊರಿನ ಒಂದು ಬ್ಯಾಂಕಿಗೆ ಹೋದೆ. ಹಣ ಕಟ್ಟಲು ನಿಂತಿದ್ದವರಲ್ಲಿ ಇಬ್ಬರು ನನ್ನನ್ನು ಕಂಡು ಮುಗುಳ್ನಕ್ಕು, ನೋಟುಗಳನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡು ಹೊರಗೆ ನಡೆದರು. ಇನ್ನೊಬ್ಬರು ಹಣ ತೆಗೆಯುವ ಚೀಟಿ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಮ್ಯಾನೇಜರು ನನ್ನನ್ನು ತಮ್ಮ ಕೋಣೆಗೆ ಕರೆಸಿಕೊಂಡರು. ಕುರ್ಚಿ ಕೊಟ್ಟರು, ಚಹಾ ತರಿಸಿದರು, ಫ್ಯಾನು ನನ್ನ ಕಡೆ ತಿರುಗಿಸಿದರು. ಆಮೇಲೆ ದನಿ ತಗ್ಗಿಸಿ, "ಸರ್, ತಪ್ಪ ತಿಳ್ಕೋಬ್ಯಾಡ್ರಿ. ನಿಮ್ಮ ಖಾತೆ ನಿಪ್ಪಾಣಿ ಬ್ರ್ಯಾಂಚಿನ್ಯಾಗ ತೆಗದ್ರ ಆಗೂದುಲ್ಲೇನ್ರಿ?" ಎಂದರು.

ಮೋಟಾರ್‌ಸೈಕಲ್ ಹತ್ತಿ, ಊರೂರು ಸುತ್ತಿ ಅಪಾಯ ಎಲ್ಲಿದೆ ಎಂದು ಹುಡುಕಿದ್ದೆ. ಅದು ಇಷ್ಟು ದಿನ ಕನ್ನಡಕ ಹಾಕಿಕೊಂಡು ಮೋಟಾರ್‌ಸೈಕಲ್ಲಿನ ಹಿಂದಿನ ಸೀಟಿನಲ್ಲೇ ಕೂತಿತ್ತೆಂದು ಮ್ಯಾನೇಜರು ಒಂದು ನೋಟದಲ್ಲಿ ಕಂಡುಹಿಡಿದಿದ್ದರು. ನಾನು ಚಹಾ ಪೂರ್ತಿ ಕುಡಿದು, ಅವರಿಗೆ ನಮಸ್ಕಾರ ಹೇಳಿ, ನಿಪ್ಪಾಣಿಯ ಬಸ್ಸು ಹತ್ತಿದೆ.