ಹನ್ನೊಂದು ಕೆಜಿ ಇನ್ನೂರು ಗ್ರಾಂ

ಎಲ್ಲರೂ ಮಲಗಿದ ಮೇಲೆ ಎದುರುಮನೆಯ ಕಡೆಯಿಂದ 'ಟಕ್' ಎಂದು ಒಂದು ಸಣ್ಣ ಸದ್ದು ಕೇಳಿಸಿತು. ಗುಮಾಸ್ತ ಅರೆನಿದ್ದೆಯಲ್ಲಿ ತಲೆಯೆತ್ತಿ, ಇಲಿ ಇರಬೇಕು ಎಂದುಕೊಂಡು ಮಗ್ಗುಲು ಬದಲಿಸಿದ.

ಇಲಿಯಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಅದು ಎದುರುಮನೆ ಅಜ್ಜಿ ಬಾಗಿಲಿಗೆ ಬೀಗ ಹಾಕಿದ ಸದ್ದು. ಮಗಳಿಗೆ ಹೆರಿಗೆ ನೋವು ಶುರುವಾಯಿತೆಂದು ಫೋನ್ ಬಂದು, ಅಜ್ಜಿ ಉಟ್ಟ ಬಟ್ಟೆಯಲ್ಲೇ ಹೊರಟುಬಿಟ್ಟಿದ್ದರು. ಬಾಗಿಲ ಸಂದಿಗೆ ಚೀಟಿ ಸಿಕ್ಕಿಸಿ ಹೋಗುವಷ್ಟು ವ್ಯವಧಾನ ಯಾರಿಗಿರುತ್ತದೆ? ಬೆಳಿಗ್ಗೆ ಕೆಳಗಿನ ಮನೆಯವರು ಸುದ್ದಿ ಹೇಳಿದಾಗ, ರಾತ್ರಿ ಬಾರದ ಇಲಿ ಈಗ ಗುಮಾಸ್ತನ ಎದೆಯೊಳಗೆ ಓಡಾಡಿತು.

ಹಗಲು ಹೊತ್ತು ಅವನ ಎರಡು ವರ್ಷದ ಮಗಳು ಪುಟ್ಟಿಯನ್ನು ನೋಡಿಕೊಳ್ಳುತ್ತಿದ್ದದ್ದು ಆ ಅಜ್ಜಿಯೇ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಕತ್ತಲಿರುವಾಗಲೇ ಪಾಳಿಗೆ ಹೋಗಿಯಾಗಿತ್ತು. ಹೋಗುವ ಮುಂಚೆ ಹೊಸ್ತಿಲಲ್ಲಿ ನಿಂತು ಒಂದು ಮಾತು ಹೇಳಿದ್ದಳು.

"ರೀ, ಇವತ್ತು ಆ ಕೊಠಡಿ ಮಂಜೂರು ಮಾಡಿಸ್ಕೊಂಡೇ ಬನ್ನಿ. ಅಜ್ಜಿಗೂ ವಯಸ್ಸಾಯ್ತು, ಎಷ್ಟು ದಿನ ಅಂತ ಅವರ ತಲೆಗೆ ಕಟ್ಟೋದು? ಆಗ್ಲಿಲ್ಲ ಅಂದ್ರೆ ನಾನೇ ಕೆಲಸ ಬಿಡಬೇಕು. ನಂಗೆ ಬಿಡೋಕೆ ಇಷ್ಟ ಇಲ್ಲ. ಗೊತ್ತಲ್ಲ ನಿಮಗೆ?"

ಗೊತ್ತಿತ್ತು. ಅದಕ್ಕೇ ಅವನು ಒಂದು ವರ್ಷದಿಂದ ಗಂಟಲು ಹರಿದುಕೊಳ್ಳುತ್ತಿದ್ದ. ಅವನದು ತೂಕ ಮತ್ತು ಅಳತೆ ಇಲಾಖೆ. ಅಂಗಡಿಗಳ ತಕ್ಕಡಿ, ತೂಕದ ಕಲ್ಲುಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವ ಕಚೇರಿ. ಅದರ ಹಿಂಭಾಗದಲ್ಲಿ ಹಳೆಯ ತಕ್ಕಡಿಗಳನ್ನು ತುಂಬಿಟ್ಟ ಗೋದಾಮೊಂದಿತ್ತು. ಅದನ್ನು ಖಾಲಿ ಮಾಡಿ ನೌಕರರ ಮಕ್ಕಳಿಗೆ ಶಿಶುಪಾಲನಾ ಕೇಂದ್ರ ಮಾಡಬೇಕು, ತರಬೇತಿಯಾದ ಶಿಕ್ಷಕಿಯೊಬ್ಬರನ್ನು ನೇಮಿಸಬೇಕು ಎಂಬುದು ಅವನ ಬೇಡಿಕೆ. ಕಚೇರಿಯ ಮುಖ್ಯಸ್ಥೆ ಮೇಡಂ ಪ್ರತಿ ಸಲವೂ ಕನ್ನಡಕ ತೆಗೆದು ಒರೆಸುತ್ತಾ ಒಂದೇ ಮಾತು ಹೇಳುತ್ತಿದ್ದರು: "ಕಚೇರಿ ಒಳಗೆ ಮಗು ಅಂದ್ರೆ ಶಿಸ್ತು ಹೊರಗೆ." ಇವತ್ತು ಕೇಂದ್ರ ಕಚೇರಿಯಿಂದ ದೊಡ್ಡ ಸಾಹೇಬರೇ ಬಂದು ಅವನ ಅಹವಾಲು ಕೇಳುವವರಿದ್ದರು.

ಅಂಥ ದಿನ ಅವನು ಪುಟ್ಟಿಯನ್ನು ಕೋಟಿನೊಳಗೆ ಅವಿತಿಟ್ಟುಕೊಂಡು, ದಿಂಬು ಕದ್ದವನ ಹಾಗೆ ಹಿಂದಿನ ಗೇಟಿನಿಂದ ನುಸುಳಿದ. ದಿಂಬು ಆಗಾಗ "ಅಪ್ಪಾ, ಸೆಕೆ" ಎನ್ನುತ್ತಿತ್ತು.

ಮೊದಲು ಸಿಕ್ಕವರು ಟೈಪಿಸ್ಟ್ ಅಕ್ಕ. ಇಡೀ ಕಚೇರಿಗೇ ಅಕ್ಕ.

"ಅಯ್ಯೋ, ಇದೇನೋ ತಮ್ಮಾ! ಮೇಡಂ ಕಣ್ಣಿಗೆ ಬಿದ್ರೆ ನಿನ್ನ ಕೊಠಡಿ ಗೋತಾ!"

"ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ. ಗೋದಾಮಲ್ಲಿ ಕೂತು ಒಂದೇ ಒಂದು ಗಂಟೆ ನೋಡ್ಕೊಳ್ಳಿ. ಅಲ್ಲಿಗೆ ಯಾರೂ ಬರಲ್ಲ. ಯಾರಿಗೂ ಹೇಳ್ಬೇಡಿ."

"ನಾನ್ಯಾಕೋ ಹೇಳ್ಲಿ? ಬಾರೇ ನನ್ನ ಬಂಗಾರಿ" ಎಂದು ಅಕ್ಕ ಪುಟ್ಟಿಯನ್ನು ಎತ್ತಿಕೊಂಡು ಹೋದರು.

ಸಭೆಗೆ ಕರೆ ಬಂತು. ಗುಮಾಸ್ತ ಕೂದಲು ಸರಿಮಾಡಿಕೊಂಡು ಹೊರಟವನು ದಾರಿಯಲ್ಲಿ ಗಕ್ಕನೆ ನಿಂತ. ಅಕ್ಕನ ಕೋಣೆಯಿಂದ ಟಕಟಕ ಟೈಪಿಂಗ್ ಸದ್ದು ಬರುತ್ತಿತ್ತು! ಅಕ್ಕ ಇಲ್ಲಿದ್ದರೆ ಗೋದಾಮಿನಲ್ಲಿ ಪುಟ್ಟಿಯ ಜೊತೆ ಯಾರು? ಒಳಗೆ ಹೋಗಿ ಕೇಳೋಣವೆಂದರೆ, ಸಭೆಯ ಬಾಗಿಲಲ್ಲಿ ಮೇಡಂ ನಿಂತು ಕೈಗಡಿಯಾರ ನೋಡುತ್ತಿದ್ದರು. ಯಾಕೋ ಇವತ್ತು ಅವರೂ ನಿಂತಲ್ಲಿ ನಿಲ್ಲಲಾರದೆ ಚಡಪಡಿಸುತ್ತಿದ್ದರು. ಅಷ್ಟರಲ್ಲಿ ಎದುರಿಗೆ ಇನ್‌ಸ್ಪೆಕ್ಟರ್ ತಕ್ಕಡಿ ಬಂದ.

ತಕ್ಕಡಿ ಎಂಬುದು ಅವನಿಗೆ ಕಚೇರಿ ಇಟ್ಟ ಹೆಸರು. ಬ್ರಹ್ಮಚಾರಿ. ಕಣ್ಣಿಗೆ ಬಿದ್ದದ್ದನ್ನು ತೂಗದೆ ಬಿಡುವವನಲ್ಲ; ತನ್ನ ಊಟದ ಡಬ್ಬಿಯನ್ನೂ ಊಟಕ್ಕೆ ಮುಂಚೆ ಒಂದು ಸಲ, ಆದ ಮೇಲೆ ಒಂದು ಸಲ ತೂಗುತ್ತಿದ್ದ.

ಗುಮಾಸ್ತ ಅವನ ಕಿವಿಯಲ್ಲಿ ಪಿಸುಗುಟ್ಟಿದ. "ಗೋದಾಮಲ್ಲಿ ನನ್ನ ಮಗು ಒಂದೇ ಇದೆ ಮಾರಾಯಾ. ಓಡು, ನೋಡ್ಕೋ. ಯಾರಿಗೂ ಹೇಳ್ಬೇಡ. ಅಕ್ಕನಿಗೂ."

"ಮಗೂನಾ?" ತಕ್ಕಡಿಯ ಕಣ್ಣು ಮಿನುಗಿತು. "ಎಷ್ಟು ತೂಕ?"

"ಓಡೋ!"

ಸಭೆಯಲ್ಲಿ ದೊಡ್ಡ ಸಾಹೇಬರು ತೂಕಡಿಕೆಯ ಅಂಚಿನಲ್ಲಿದ್ದರು. ಗುಮಾಸ್ತ ಎದ್ದುನಿಂತ. ಹೊಸ್ತಿಲಲ್ಲಿ ನಿಂತ ಹೆಂಡತಿಯ ಮುಖ ನೆನಪಾಯಿತು. ಮಾತು ತಾನಾಗಿ ಬಂತು.

"ಸಾರ್, ಅಂಗಡಿಯವನ ಕಲ್ಲು ಚೂರು ಸವೆದಿದ್ರೆ ನಾವು ದಂಡ ಹಾಕ್ತೀವಿ. ಮಕ್ಕಳ ಮೊದಲ ಐದಾರು ವರ್ಷ ಇದೆಯಲ್ಲ, ಮಾತು, ನಗು, ಭಯ, ನಂಬಿಕೆ ಎಲ್ಲಾ ಅಚ್ಚಾಗೋದು ಅಲ್ಲೇ. ಅಲ್ಲಿ ಎಷ್ಟು ಸವೆದುಹೋಗ್ತಿದೆ ಅಂತ ನಾವು ಯಾವ ತಕ್ಕಡೀಲೂ ಇಟ್ಟು ನೋಡಿಲ್ಲ. ಸಿಕ್ಕಿದವರ ಕೈಗೆ ಕೊಟ್ಟು ಓಡಿ ಬರ್ತೀವಿ. ನೋಡ್ಕೊಳ್ಳೋರು ಪುಣ್ಯಾತ್ಮರೇ, ಆದ್ರೆ ಅವರಿಗೂ ಕಾಲು ನೋಯುತ್ತೆ ಸಾರ್, ಅವರಿಗೂ ಮಕ್ಕಳು ಮರಿ ಇರ್ತಾರೆ. ಇದು ಒಬ್ಬೊಬ್ಬರು ಅವರವರ ಮನೇಲಿ ಹೇಗೋ ಸುಧಾರಿಸ್ಕೊಳ್ಳೋ ವಿಷಯ ಅಲ್ಲ. ಕಲಿತವರು ಬೇಕು, ಅವರಿಗೆ ಮರ್ಯಾದೆಯ ಸಂಬಳ ಬೇಕು, ಒಂದು ಕೋಣೆ ಬೇಕು."

ಸಾಹೇಬರು ನೆಟ್ಟಗೆ ಕೂತಿದ್ದರು. ಜೇಬಿನಿಂದ ಪೆನ್ನು ಹೊರಗೆ ಬಂತು. ಪೆನ್ನಿನ ಮುಚ್ಚಳವೂ ಬಂತು.

ಆಗಲೇ ಬಾಗಿಲು ದಢಾರನೆ ತೆರೆದು, ಕಿರುಚುತ್ತಿದ್ದ ಮಗುವೊಂದನ್ನು ಮೂಟೆಯ ಹಾಗೆ ಹೊತ್ತು ತಕ್ಕಡಿ ಒಳಗೆ ಬಂದ.

"ತಗೊಳ್ಳಪ್ಪಾ ನಿನ್ನ ಮಗು! ಹನ್ನೊಂದು ಕೆಜಿ ಇನ್ನೂರು ಗ್ರಾಂ. ತಕ್ಕಡಿ ಮೇಲೆ ಕೂತಿರೋವರೆಗೂ ಸುಮ್ನಿತ್ತು, ಇಳಿಸಿದ ಕೂಡ್ಲೇ ಶುರು!" ಎಂದು ಗುಮಾಸ್ತನ ಮಡಿಲಿಗೆ ಹಾಕಿದ.

ಗುಮಾಸ್ತ ಮಗುವಿನ ಮುಖ ನೋಡಿದ. ಮಗು ಅವನ ಮುಖ ನೋಡಿತು. ಇಬ್ಬರಿಗೂ ಪರಿಚಯವಿರಲಿಲ್ಲ.

ಅದು ಅವನ ಪುಟ್ಟಿಯಲ್ಲ. ಯಾವುದೋ ಗುಂಡು ಕೆನ್ನೆಯ ಗಂಡುಮಗು. ಅವನು ಬಾಯಿ ತೆರೆಯುವಷ್ಟರಲ್ಲಿ ಮಗು ಅಳು ನಿಲ್ಲಿಸಿ, ಮೇಜಿನಾಚೆಗೆ ಎರಡೂ ಕೈ ಚಾಚಿ ಕೂಗಿತು: "ಅಜ್ಜೀ!"

ಮೇಡಂ ಕೈಯಲ್ಲಿದ್ದ ಕನ್ನಡಕ ಕೆಳಗೆ ಬಿತ್ತು.

ಸಭೆಗೆ ಸಭೆಯೇ ನಕ್ಕಿತು. "ಭಲೇ ಮಗು! ಯಾರನ್ನ ಹಿಡಿದ್ರೆ ಕೆಲಸ ಆಗುತ್ತೆ ಅಂತ ಅಪ್ಪನಿಗಿಂತ ಚೆನ್ನಾಗಿ ಗೊತ್ತು" ಎಂದರು ಸಾಹೇಬರು.

ನಗದೆ ಉಳಿದವರು ಇಬ್ಬರೇ. ಗುಮಾಸ್ತ ಮಗುವಿನ ಗಲ್ಲದ ಗುಳಿ ನೋಡಿದ, ಮೇಡಂ ಗಲ್ಲದ ಗುಳಿ ನೋಡಿದ. ಎರಡಕ್ಕೂ ಒಂದೇ ಅಚ್ಚು. ಒಂದು ವರ್ಷದಿಂದ ಅವನನ್ನು ಗದರಿಸಿದ ಆ ಕಣ್ಣುಗಳು, ತುಂಟತನ ಮಾಡಿ ಸಿಕ್ಕಿಬಿದ್ದ ಹುಡುಗಿಯ ಕಣ್ಣುಗಳಂತೆ ಅವನನ್ನು ಬೇಡುತ್ತಿದ್ದವು.

"ನಿಮ್ಮ ಮಗುವೇನ್ರೀ?" ಸಾಹೇಬರು ಕೇಳಿದರು.

"ಹೌದು ಸಾರ್" ಎಂದ ಗುಮಾಸ್ತ. "ನನ್ನದೇ." ಉಪಕಾರಕ್ಕೆ ಉಪಕಾರವಾಗಿ ಮೇಡಂ ಕೊಠಡಿ ಕೊಡಿಸದೇ ಇರುತ್ತಾರೆಯೇ ಎಂದು ಮನಸ್ಸು ಒಳಗೊಳಗೇ ಕುಣಿಯಿತು. ಪುಟ್ಟಿ ಎಲ್ಲಿ ಎಂದು ಅದೇ ಮನಸ್ಸು ಬಾಯಿ ಬಡಿದುಕೊಂಡಿತು.

ಮೇಡಂ ಮಗುವನ್ನು ಎತ್ತಿಕೊಂಡರು. ಅದು ಅವರ ಹೆಗಲಿಗೆ ತಲೆಯಿಟ್ಟು ಹಾಯಾಗಿ ಬೆರಳು ಚೀಪತೊಡಗಿತು. ಸಾಹೇಬರ ಕಣ್ಣು ತೇವವಾಯಿತು.

"ಎಂಥಾ ಕಚೇರಿ ಇದು! ಇನ್‌ಸ್ಪೆಕ್ಟರ್ ಮಗು ಎತ್ಕೊಂಡು ಬರ್ತಾರೆ, ತೂಕ ಬೇರೆ ನೋಡ್ತಾರೆ. ಮುಖ್ಯಸ್ಥೆ ಹೆಗಲ ಮೇಲೆ ಗುಮಾಸ್ತನ ಮಗು ಮಲಗುತ್ತೆ! ಇಂಥಾ ಕಡೆ ಶಿಶುಪಾಲನಾ ಕೇಂದ್ರ ಯಾಕ್ರೀ ಬೇಕು? ನೀವೆಲ್ಲಾ ಸೇರಿದ್ರೆ ಅದೇ ಕೇಂದ್ರ! ಬೇರೆ ಕಚೇರಿಯವರಿಗೆಲ್ಲಾ ನಿಮ್ಮನ್ನೇ ಮಾದರಿ ಅಂತ ತೋರಿಸ್ತೀನಿ."

ಮುಚ್ಚಳ ಪೆನ್ನಿಗೆ ವಾಪಸು ಹೋಯಿತು. ಪೆನ್ನು ಜೇಬಿಗೆ ಹೋಯಿತು. ಸಾಹೇಬರು ಕಾರಿಗೆ ಹೋದರು.

ಗುಮಾಸ್ತ ಅಕ್ಕನ ಕೋಣೆಗೆ ಓಡಿದ. ಮೇಜಿನ ಪಕ್ಕ, ಅಕ್ಕನ ಶಾಲು ಹಾಸಿದ ಮೂಲೆಯಲ್ಲಿ ಪುಟ್ಟಿ ಗೊರಕೆ ಹೊಡೆಯುತ್ತಿದ್ದಳು.

"ಗೋದಾಮಿಗೆ ಯಾರೋ ಒಳಗಿಂದ ಚಿಲಕ ಹಾಕಿದ್ರು ಕಣೋ. ಅದಕ್ಕೆ ಇಲ್ಲೇ ಇಟ್ಕೊಂಡೆ. ಯಾರಿಗೂ ಹೇಳ್ಬೇಡಿ ಅಂದಿದ್ಯಲ್ಲ, ನಿಂಗೂ ಹೇಳ್ಲಿಲ್ಲ" ಎಂದರು ಅಕ್ಕ ಹೆಮ್ಮೆಯಿಂದ.

ಚಿಲಕ ಹಾಕಿದ್ದು ಮೇಡಂ ಡ್ರೈವರ್. ಹಾಲು ಬಿಸಿ ಮಾಡಿಸಿಕೊಂಡು ಬರಲೆಂದು ಅವನು ಕ್ಷಣಹೊತ್ತು ಆಚೆ ಹೋದಾಗಲೇ ತಕ್ಕಡಿ ಒಳಗೆ ಹೊಕ್ಕದ್ದು. ಇದನ್ನೆಲ್ಲ ಮೇಡಂ ಗೋದಾಮಿಗೆ ಗುಮಾಸ್ತನನ್ನು ಕರೆಸಿ, ಬಾಗಿಲು ಮುಚ್ಚಿ, ತಾವೇ ಹೇಳಿದರು.

"ಸೊಸೆಗೆ ಹೊಸ ಕೆಲಸ, ರಜೆ ಇಲ್ಲ. ನೋಡ್ಕೊಳ್ಳೋಳು ಹೇಳದೆ ಕೇಳದೆ ಬಿಟ್ಟುಹೋದ್ಲು. ನಾನೇನು ಮಾಡ್ಲಿ?"

"ಮೇಡಂ, ಹಾಗಾದ್ರೆ ನೀವೇ ಸಾಹೇಬರಿಗೆ ಕೇಂದ್ರ ಬೇಕು ಅಂತ..."

"ಯಾವ ಬಾಯಲ್ಲಿ ಹೇಳ್ಲಿ? ಬೇಡ ಬೇಡ ಅಂತ ವರ್ಷವಿಡೀ ನಾನೇ ಹೇಳಿದ್ದು. ಈಗ ಮೊಮ್ಮಗನಿಗೋಸ್ಕರ ಮಾತು ತಿರುಗಿಸಿದ್ಲು ಅನ್ನಲ್ವಾ?" ಮೇಡಂ ದನಿ ಮೆತ್ತಗಾಯಿತು. "ನೋಡಿ, ಈ ಹಳೇ ತಕ್ಕಡಿಗಳನ್ನೆಲ್ಲಾ ಒಪ್ಪವಾಗಿ ಜೋಡಿಸಬೇಕು. ನಾಳೆಯಿಂದ ನಿಮ್ಮ ಮೇಜು ಇಲ್ಲೇ ಹಾಕಿಸ್ತೀನಿ. ನಿಮ್ಮ ಮಗಳನ್ನೂ ಕರ್ಕೊಂಡು ಬನ್ನಿ. ಇವನಿಗೆ ಜೊತೆಯಾಗುತ್ತೆ. ತಕ್ಕಡಿ ಜೋಡಿಸೋಕೆ ಅವಸರ ಏನಿಲ್ಲ. ಇವನಿಗೆ ಮಾತ್ರ ಹೊತ್ತುಹೊತ್ತಿಗೆ ಹಾಲು ಕೊಡಿ."

ಹೊರಗೆ ಬಂದರೆ ಅಕ್ಕ ಅಡ್ಡ ನಿಂತರು. "ಗೋದಾಮಲ್ಲಿ ಕೂರ್ತೀಯಂತೆ? ಸೋಮವಾರ ನನ್ನ ತಂಗಿ ಮಗೂನೂ ಸ್ವಲ್ಪ ನೋಡ್ಕೊಳ್ಳೋ ತಮ್ಮಾ. ಯಾರಿಗೂ ಹೇಳ್ಬೇಡ."

ಸಂಜೆ ಹೆಂಡತಿ ಚಪ್ಪಲಿಯನ್ನೂ ಬಿಡದೆ ಕೇಳಿದಳು. "ಕೊಠಡಿ ಏನಾಯ್ತು?"

"ಸಿಕ್ತು."

"ನಿಜವಾಗ್ಲೂ?" ಅವಳ ಮುಖ ಅರಳಿತು. ಒಂದು ವರ್ಷದಿಂದ ಅವನು ಆ ಮುಖ ಹಾಗೆ ಅರಳಿದ್ದನ್ನು ಕಂಡಿರಲಿಲ್ಲ. "ನೋಡ್ಕೊಳ್ಳೋರನ್ನೂ ನೇಮಿಸಿದ್ರಾ? ಅನುಭವ ಇದೆಯಾ?"

"ಸ್ವಲ್ಪ... ಕಲಿತ್ಕೊಳ್ತಾರೆ."

"ಹೇಗೆ, ಒಳ್ಳೇವ್ರಾ?"

"ಪಾಪದವರು ಕಣೇ."

"ಅವರನ್ನ ಒಂದಿನ ಊಟಕ್ಕೆ ಕರೀಬೇಕು ರೀ" ಎಂದಳು ಹೆಂಡತಿ.

ಆ ಪಾಪದ ಆಯಾ ಈಗಾಗಲೇ ಅವಳೆದುರಿಗೇ ತಟ್ಟೆಯ ಮುಂದೆ ಕೂತಾಗಿತ್ತು. ಪುಟ್ಟಿಗೆ ಒಂದು ತುತ್ತು ತಿನ್ನಿಸುತ್ತಾ ಗುಮಾಸ್ತ, ಇವತ್ತಿನ ವಿಷಯವನ್ನು ಈ ಜನ್ಮದಲ್ಲಿ ಯಾರಿಗೂ ಹೇಳಬಾರದು ಎಂದು ನಿಶ್ಚಯಿಸಿದ.