ಬಾಣದ ಗುರುತು ನೋಡಿ ಕೂರಿಸಿ

ವಾಲ್ವುಗಳು ನನ್ನ ಬೆನ್ನು ಬಿಡುವುದಿಲ್ಲ. ಕುಂದಾಪುರದ ಕಡೆಯಿಂದ ಮದುವೆಯಾಗಿ ಚೆನ್ನೈಗೆ ಬಂದ ನಾನು ಅಂಬತ್ತೂರಿನ ಒಂದು ವಾಲ್ವ್ ಕಾರ್ಖಾನೆಯಲ್ಲಿ ಪರೀಕ್ಷೆ ಮಾಡುವ ವಿಭಾಗದಲ್ಲಿದ್ದೆ. ಯಜಮಾನರು ಹೋಟೆಲಿನಲ್ಲಿ ಅಡುಗೆಯವರು. ಇಬ್ಬರೂ ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ ಅವರ ಎದೆಯೊಳಗಿನ ವಾಲ್ವೇ ಸೋರತೊಡಗಿತು. ಬದಲಿಸದಿದ್ದರೆ ಉಳಿಯುವುದಿಲ್ಲ ಎಂದರು ಡಾಕ್ಟರು. ಅಳಬೇಕಾದಲ್ಲಿ ನಗು ಬರುವುದು ನಮ್ಮ ಮನೆಯ ಇನ್ನೊಂದು ರೋಗ.

೧. ಕೆಟ್ಟ ವಾಲ್ವ್

ಕೆಲವು ವಾಲ್ವುಗಳು ನೀರನ್ನು ಒಂದೇ ದಿಕ್ಕಿಗೆ ಬಿಡುತ್ತವೆ. ಹಿಂದಕ್ಕೆ ಹರಿಯಹೊರಟರೆ ಒಳಗಿನ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಯಾವ ದಿಕ್ಕು ಎಂದು ಮೈಮೇಲೆ ಬಾಣದ ಗುರುತಿರುತ್ತದೆ. ಒಬ್ಬ ಗಿರಾಕಿ ಅದನ್ನು ಉಲ್ಟಾ ಕೂರಿಸಿ, ಪಂಪ್ ಸುಟ್ಟುಕೊಂಡು, ವಾಲ್ವ್ ಹಿಡಿದು ಜಗಳಕ್ಕೆ ಬಂದ.

"ಒಂದು ಹನಿಯಾದರೂ ದಾಟಿತಾ?" ಎಂದರು ನಮ್ಮ ಸೂಪರ್‌ವೈಸರ್.

"ಇಲ್ಲವೇ ಇಲ್ಲ!"

"ಹಾಗಾದರೆ ವಾಲ್ವ್ ಚೆನ್ನಾಗಿದೆ."

ಈ ಕಥೆಯನ್ನು ನಾನು ಮನೆಯಲ್ಲಿ ಹೇಳಬಾರದಿತ್ತು.

೨. ಬಾರದ ನೀರು

ನಮ್ಮ ಮೇಲಿನ ಮನೆಯ ಮಾಮ ತೀರಿಕೊಂಡ ಬೆಳಿಗ್ಗೆ, ಸ್ನಾನ ಮಾಡಿಸಲು ನಲ್ಲಿಯಲ್ಲಿ ನೀರಿಲ್ಲ. ವಾಲ್ವ್ ಮುಚ್ಚಿದೆಯೆಂದು ವಾಚ್‌ಮನ್, ಅಳಿಯ, ಭಾವಮೈದ ಮೂವರೂ ಸೇರಿ ಚಕ್ರವನ್ನು ತಿರುಚಿ ತಿರುಚಿ ಮುರಿದೇಬಿಟ್ಟರು. ಹೋಗಿ ನೋಡಿದರೆ ವಾಲ್ವ್ ಪೂರ್ತಿ ತೆರೆದೇ ಇತ್ತು. ಟ್ಯಾಂಕ್ ಖಾಲಿ.

"ಇವತ್ತು ಯಾರೂ ಮೋಟರ್ ಹಾಕಲಿಲ್ಲವಾ?" ಎಂದೆ.

ಮಾಮನ ಹೆಂಡತಿ ಮಾಮಿ ಅಳು ನಿಲ್ಲಿಸಿ, ಚಾಪೆಯ ಮೇಲೆ ಮಲಗಿಸಿದ್ದವರ ಕಡೆ ಕೈ ತೋರಿಸಿದರು. "ದಿನಾ ಹಾಕುತ್ತಿದ್ದದ್ದು ಇವರೇ ಅಲ್ಲವಾ!"

೩. ಸಸ್ಯಾಹಾರಿ ಹೃದಯ

ಡಾಕ್ಟರು ಎರಡು ಬಗೆಯ ವಾಲ್ವ್ ಹೇಳಿದರು. ಒಂದು ಪ್ರಾಣಿಯ ಪೊರೆಯದು. ಇನ್ನೊಂದು ಲೋಹದ್ದು, ಟಿಕ್ ಟಿಕ್ ಎನ್ನುತ್ತದೆ, ಬದುಕಿರುವವರೆಗೂ ಮಾತ್ರೆ ನುಂಗಬೇಕು.

"ಯಾವ ಪ್ರಾಣಿ?" ಎಂದರು ಯಜಮಾನರು.

"ದನ, ಇಲ್ಲವೇ ಹಂದಿ."

"ಟಿಕ್ ಟಿಕ್ಕೇ ಇರಲಿ. ಹಂದಿ ಇಟ್ಟುಕೊಂಡು ಪಂಕ್ತಿಯಲ್ಲಿ ಹೇಗೆ ಕೂರುವುದು?" ಎಂದು ನನ್ನ ಕಡೆ ಬಾಗಿದರು. "ಬಾಣ ನೋಡಿ ಕೂರಿಸ್ಲಿಕ್ಕೆ ಹೇಳು ಮಾರಾಯ್ತಿ."

ನಾನು ತಮಿಳಿನಲ್ಲಿ ಹೇಳಿಯೂಬಿಟ್ಟೆ. ಡಾಕ್ಟರು ನಗಲಿಲ್ಲ.

"ಉಲ್ಟಾ ಕೂರಿಸಿದರೆ ನನಗೆ ಅಲ್ಲೇ ಗೊತ್ತಾಗುತ್ತದಮ್ಮಾ. ಅವರಿಗೆ ಮಾತ್ರ ಗೊತ್ತಾಗುವುದಿಲ್ಲ."

೪. ತಿರುಗಿದ ಕೈ

ಆಪರೇಷನ್ನಿನ ಮರುದಿನ ಬೆಳಿಗ್ಗೆ ನನ್ನನ್ನು ಐಸಿಯು ಒಳಗೆ ಬಿಟ್ಟರು. ಬಾಯಲ್ಲಿ ನಳಿಗೆ, ಮೈತುಂಬ ವೈರು. ನನ್ನನ್ನು ಕಂಡದ್ದೇ ಬಲಗೈ ಎತ್ತಿ ಗಾಳಿಯಲ್ಲಿ ಏನನ್ನೋ ತಿರುಗಿಸಿದರು. ನರ್ಸ್ ಮಂಚದ ತಲೆ ಎತ್ತರಿಸಿದಳು. ಅದಲ್ಲ. ನನ್ನ ಕಣ್ಣು ತುಂಬಿತು. ಕಿವಿಯ ಹತ್ತಿರ ಬಾಗಿದೆ.

"ಬಾಣ ಸರಿ ಉಂಟು ರೀ. ಟಿಕ್ ಟಿಕ್ ನನಗೇ ಕೇಳ್ತಾ ಉಂಟು."

ಸಿಟ್ಟಿನಿಂದ ತಲೆಯಾಡಿಸಿದರು. ಮತ್ತೆ ಕೈ ತಿರುಗಿಸಿ, ಮೂಗು ಮುಟ್ಟಿ ತೋರಿಸಿದರು. ಆಗ ಹೊಳೆಯಿತು. ಹೋಟೆಲಿನಲ್ಲಿದ್ದಾಗ ಗ್ಯಾಸ್ ಮುಚ್ಚಿ ಬೀದಿಯವರೆಗೆ ಹೋಗಿ, ತಿರುಗಿ ಬಂದು ಇನ್ನೊಮ್ಮೆ ಮುಟ್ಟಿ ನೋಡುತ್ತಿದ್ದ ಮನುಷ್ಯ!

"ಗ್ಯಾಸ್ ಮುಚ್ಚಿದ್ದೇನೆ," ಎಂದೆ. ಕಣ್ಣು ಮುಚ್ಚಿದರು. ಬಿಪಿ ಇಳಿಯಿತು ಎಂದಳು ನರ್ಸ್.

ನಿಜ ಹೇಳಬೇಕೆಂದರೆ ಮುಚ್ಚಿದ್ದು ನನಗೆ ನೆನಪೇ ಇರಲಿಲ್ಲ. ಹೊರಗೆ ಓಡಿ ಬಂದು, ನಮ್ಮ ಮನೆಯ ಕೀಲಿಕೈ ಇಟ್ಟುಕೊಂಡಿದ್ದ ಮೇಲಿನ ಮನೆಯ ಮಾಮಿಗೆ ಫೋನ್ ಮಾಡಿದೆ. ಅವರು ಮಂಡಿನೋವಿನಲ್ಲೇ ಇಳಿದು ಹೋಗಿ ನೋಡಿದರು.

"ಮುಚ್ಚೇ ಇದೆ. ಆದರೂ ನೀನು ಪುಣ್ಯವಂತೆ ಕಣಮ್ಮಾ, ನಿನ್ನವರು ಎದೆ ಕೊಯ್ಸಿಕೊಂಡೂ ಗ್ಯಾಸ್ ಕೇಳುತ್ತಾರೆ," ಎಂದು ಮಾಮಿ ನಿಟ್ಟುಸಿರುಬಿಟ್ಟರು. "ನಮ್ಮವರು ನೋಡು, ಮೋಟರಿನ ವಿಷಯ ಒಂದು ಮಾತೂ ಹೇಳದೆ ಹೋಗಿಬಿಟ್ಟರು."