ಉಳಿದರ್ಧ ಕಾಫಿ

ಮರೆವು ಎನ್ನುವುದು ನನಗೆ ಬೇಡವಾದ ಕಡೆಯೆಲ್ಲ ಬರುತ್ತದೆ. ಕೊಡೆಯನ್ನು ಬಸ್ಸಿನಲ್ಲಿ ಮರೆಯುತ್ತೇನೆ, ಹೆಂಡತಿ ಹೇಳಿದ ಕೊತ್ತಂಬರಿ ಸೊಪ್ಪನ್ನು ಮರೆಯುತ್ತೇನೆ. ವಿಮಲೆಯನ್ನು ಮಾತ್ರ ಮರೆಯಲಾಗಲಿಲ್ಲ. ಅವಳ ನೆನಪು ಬರೀ ತಲೆಯಲ್ಲಿದ್ದಿದ್ದರೆ ಹೇಗೋ ಸಂಭಾಳಿಸುತ್ತಿದ್ದೆ. ಹಾಳಾದ್ದು, ಕಾಫಿ ಲೋಟದಲ್ಲಿ ಸೇರಿಕೊಂಡಿತ್ತು.

ಎಪ್ಪತ್ತರ ದಶಕದಲ್ಲಿ ನಾವಿಬ್ಬರೂ ಯಶವಂತಪುರದಲ್ಲಿ ಟೈಪಿಂಗ್ ಕಲಿಯುತ್ತಿದ್ದೆವು. ಕ್ಲಾಸು ಮುಗಿದ ಮೇಲೆ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಬೈಟು ಕಾಫಿ. ಒಂದೇ ಕಾಫಿಯನ್ನು ಎರಡು ಲೋಟಕ್ಕೆ ಹಂಚಿಕೊಂಡು ಕುಡಿಯುವ ಸುಖ ಪೂರ್ತಿ ಲೋಟದಲ್ಲಿ ಎಲ್ಲಿ ಬರಬೇಕು? ನಾನು ಬಾಯಿ ಬಿಟ್ಟು ಕೇಳುವಷ್ಟರಲ್ಲಿ ಅವಳಿಗೆ ದಾವಣಗೆರೆಯ ಗಂಡು ಗೊತ್ತಾಯಿತು. ಮದುವೆಯಲ್ಲಿ ಹೋಳಿಗೆ ಬಡಿಸಿದವನೂ ನಾನೇ. ಒಲೆ ಹೊಗೆ ಎಂದು ಹೇಳಿಕೊಂಡು ಚೆನ್ನಾಗಿ ಅತ್ತೆ.

ಆಮೇಲೆ ಶಾರದೆಯೊಂದಿಗೆ ಮದುವೆ, ಆರ್.ಟಿ. ನಗರದಲ್ಲಿ ಸಂಸಾರ. ಶಾರದೆ ಲೋಟದ ತುಂಬ ಕಾಫಿ ಕೊಡುತ್ತಿದ್ದಳು. ನಾನು ಅರ್ಧ ಕುಡಿದು, ಉಳಿದದ್ದನ್ನು ಎದುರಿಗೆ ಯಾರೋ ಕೂತಿದ್ದಾರೇನೋ ಎಂಬಂತೆ ಮೇಜಿನಾಚೆಗೆ ಸರಿಸುತ್ತಿದ್ದೆ. ದೇವರಾಣೆ, ಬೇಕೆಂದು ಮಾಡಿದ್ದಲ್ಲ, ಕೈಗೆ ಅಂಟಿದ ರೂಢಿ. ಪಾಪ, ಅವಳು ತನ್ನ ಕಾಫಿಯೇ ಸರಿಯಿಲ್ಲ ಅಂದುಕೊಂಡಳು. ಚಿಕೋರಿ ಕಡಿಮೆ ಮಾಡಿದಳು, ಹಾಲಿನವನನ್ನು ಬದಲಾಯಿಸಿದಳು, ಹೊಸ ಫಿಲ್ಟರು ತಂದಳು. ಒಂದು ಬೆಳಿಗ್ಗೆ ನೋಡುತ್ತೇನೆ, ಅಡುಗೆಮನೆಯಲ್ಲಿ ನಿಂತು ನಾನು ಬಿಟ್ಟ ಕಾಫಿಯ ರುಚಿ ನೋಡುತ್ತ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಾಳೆ. ಆದರೂ ನಿಜ ಹೇಳುವ ಧೈರ್ಯ ಬರಲಿಲ್ಲ. ಸಮಾಧಾನ ಮಾಡೋಣವೆಂದು ಆ ಭಾನುವಾರ ಹೊರಗೆ ಕಾಫಿಗೆ ಕರೆದುಕೊಂಡು ಹೋದೆ. ನನ್ನ ಬುದ್ಧಿಗೆ ಮಂಕು ಕವಿದಿತ್ತೋ ಏನೋ, ಹೋದದ್ದು ಅದೇ ಹೋಟೆಲಿಗೆ.

ಹಳೆಯ ಮಾಣಿ ನನ್ನನ್ನು ಕಂಡವನೇ ಏನೂ ಕೇಳದೆ ಬೈಟು ತಂದಿಟ್ಟ. "ಎಷ್ಟು ವರ್ಷ ಆಯ್ತು ಸಾರ್, ನೀವಿಬ್ರೂ ಬಂದು" ಎಂದವನು, ಶಾರದೆಯ ಮುಖ ನೋಡಿ ನಾಲಿಗೆ ಕಚ್ಚಿಕೊಂಡು ಒಳಗೆ ಓಡಿದ. ಶಾರದೆ ಆ ಎರಡು ಅರ್ಧ ಲೋಟಗಳನ್ನೇ ಬಹಳ ಹೊತ್ತು ನೋಡಿದಳು.

"ಹಾಗಾದ್ರೆ ನನ್ನ ಕಾಫೀಲಿ ಏನೂ ತಪ್ಪಿರ್ಲಿಲ್ಲ, ಅಲ್ವಾ?" ಅಂದಳು.

"ಇಲ್ಲ ಕಣೇ."

"ಸದ್ಯ" ಎಂದು ಒಂದು ಲೋಟವನ್ನು ತನ್ನ ಕಡೆಗೆ ಎಳೆದುಕೊಂಡಳು. "ಕುಡೀರಿ, ಆರಿ ಹೋಗುತ್ತೆ."

ಮರುದಿನದಿಂದ ಮನೆಯಲ್ಲೂ ಬೈಟು. ಒಂದೇ ಕಾಫಿಯನ್ನು ಎರಡು ಲೋಟಕ್ಕೆ ಬಗ್ಗಿಸಿ, ನನ್ನೆದುರಿಗೆ ಬಂದು ಕೂರುತ್ತಾಳೆ. ಮೇಜಿನಾಚೆ ಈಗ ಬೇರೆ ಯಾರಿಗೂ ಜಾಗವಿಲ್ಲ. ನಿಮ್ಮಲ್ಲಿ ಮುಚ್ಚುಮರೆ ಏನು, ಅವಳ ಕಾಫಿ ಬಲು ರುಚಿ ಕಣ್ರೀ. ಅರ್ಧ ಲೋಟ ನನಗೆ ಸಾಲುವುದೇ ಇಲ್ಲ. ಆದರೆ ಇನ್ನೊಂಚೂರು ಹಾಕೇ ಎಂದು ಕೇಳೋಣವೆಂದರೆ, ನನಗೆ ಬಾಯಾದರೂ ಎಲ್ಲಿದೆ?